ಪಠ್ಯಕ್ರಮದಲ್ಲಿ ನಿಮ್ಮ ಪಾಲು: ಶಿಕ್ಷಕರು ಎಲ್ಲಿಂದ, ಹೇಗೆ ಶುರು ಮಾಡಬೇಕು?

ಸಮಾಲೋಚನಾ ಸಭೆಯಲ್ಲಿ, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಯ ನಡುವೆ ಚಹಾ ಕುಡಿಯುವಾಗ, ರಾತ್ರಿ ಫೋನಿನಲ್ಲಿ, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಿಕ್ಷಕ ಗೆಳೆಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಪಠ್ಯಕ್ರಮ ಮಾಡೋರು ಬೆಂಗಳೂರಲ್ಲಿರ್ತಾರೆ, ಪುಸ್ತಕ ಅಚ್ಚಾಗಿ ಲಾರೀಲಿ ಬರುತ್ತೆ. ಅದ್ರಲ್ಲಿ ನಮ್ದೇನಿದೆ ಸಾರ್?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಉಪಯೋಗವಾದೀತು ಎಂದು ಈ ಲೇಖನ.

ನನ್ನ ಉತ್ತರ ಇಷ್ಟು: ಸಮಿತಿಗೆ ಕರೆ ಬರಲಿ ಎಂದು ಕಾಯಬೇಡಿ. ಒಂದು ಪಾಠವನ್ನು ನಿಮ್ಮೂರಿನ ಮಕ್ಕಳಿಗೆ ಒಗ್ಗುವಂತೆ ಕಟ್ಟಿ, ತರಗತಿಯಲ್ಲಿ ಏನಾಯಿತೆಂದು ಬರೆದಿಡಿ. ಆ ಬರಹವನ್ನು ಸರಿಯಾದ ಕಡೆಗೆ ಸರಿಯಾದ ರೂಪದಲ್ಲಿ ಕಳಿಸಿ. ಇದಕ್ಕೆ ಒಂದು ಶೈಕ್ಷಣಿಕ ವರ್ಷ ಸಾಕು. ಹೇಗೆಂದು ಕೆಳಗೆ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ

ಪಠ್ಯಪುಸ್ತಕ ಎಂದರೆ ಮಗುವಿನ ಚೀಲದಲ್ಲಿರುವ ಪುಸ್ತಕ. ಯಾವ ತರಗತಿಗೆ ಯಾವ ವಿಷಯ, ಎಷ್ಟರ ಮಟ್ಟಿಗೆ ಎಂಬ ಪಟ್ಟಿ ಪಠ್ಯವಸ್ತು. ಪಠ್ಯಕ್ರಮ ಇವೆರಡಕ್ಕಿಂತ ದೊಡ್ಡದು. ಏನು ಕಲಿಸಬೇಕು, ಏಕೆ ಕಲಿಸಬೇಕು, ಯಾವ ರೀತಿಯಲ್ಲಿ, ಯಾವ ಅನುಭವದ ಮೂಲಕ, ಮಗು ಕಲಿತಿದೆಯೆಂದು ತಿಳಿಯುವುದು ಹೇಗೆ ಎಂಬುದೆಲ್ಲ ಸೇರಿ ಪಠ್ಯಕ್ರಮ. ಪುಸ್ತಕ ಬರೆಯುವವರು ಕೆಲವೇ ಮಂದಿ. ಆದರೆ ಪಠ್ಯಕ್ರಮದ ಕೊನೆಯ ಮೂರು ಭಾಗ, ಅಂದರೆ ರೀತಿ, ಅನುಭವ ಮತ್ತು ಮೌಲ್ಯಮಾಪನ, ದಿನವೂ ನಿಮ್ಮ ಕೈಯಲ್ಲೇ ರೂಪುಗೊಳ್ಳುತ್ತವೆ. ಪುಸ್ತಕವೇ ಪಠ್ಯಕ್ರಮ ಎಂದುಕೊಂಡವರಿಗೆ ಮಾತ್ರ "ನಮ್ಮದೇನಿದೆ" ಎಂಬ ಪ್ರಶ್ನೆ ಹುಟ್ಟುತ್ತದೆ.

ಯಾರು ಏನು ಮಾಡುತ್ತಾರೆ ಎಂಬುದೂ ತಿಳಿದಿರಲಿ. ರಾಷ್ಟ್ರಮಟ್ಟದಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ ಪಠ್ಯಕ್ರಮದ ಚೌಕಟ್ಟನ್ನು ತಯಾರಿಸುತ್ತದೆ. ನಾವು ಹೆಚ್ಚು ಕೇಳಿರುವುದು ಪ್ರೊ. ಯಶಪಾಲ್ ಅಧ್ಯಕ್ಷತೆಯಲ್ಲಿ ರೂಪುಗೊಂಡ 2005ರ ಚೌಕಟ್ಟು. ಶಾಲಾ ಶಿಕ್ಷಣಕ್ಕೆ ಇತ್ತೀಚಿನದು 2023ರಲ್ಲಿ ಬಂದಿದೆ. ನಮ್ಮ ರಾಜ್ಯದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ನಾವೆಲ್ಲ ಡಿಎಸ್‌ಇಆರ್‌ಟಿ ಎನ್ನುವುದು, ಶೈಕ್ಷಣಿಕ ಪ್ರಾಧಿಕಾರ. ಪುಸ್ತಕಗಳನ್ನು ಸಿದ್ಧಪಡಿಸಿ ಮುದ್ರಿಸಿ ಹಂಚುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ಜಿಲ್ಲೆಯಲ್ಲಿ ಡಯಟ್ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದಾದ್ಯಂತ ಡಯಟ್‌ಗಳು ಬಂದಾಗಲೇ ಅವುಗಳ ವಿಭಾಗಗಳಲ್ಲಿ ಒಂದನ್ನು ಪಠ್ಯಕ್ರಮ, ಸಾಮಗ್ರಿ ತಯಾರಿ ಮತ್ತು ಮೌಲ್ಯಮಾಪನಕ್ಕೆಂದೇ ಮೀಸಲಿಟ್ಟರು. ಕಚೇರಿ ಭಾಷೆಯಲ್ಲಿ ಅದು ಸಿಎಂಡಿಇ ವಿಭಾಗ. ಇಪ್ಪತ್ತು ವರ್ಷ ಸೇವೆ ಮಾಡಿದವರಿಗೂ ಈ ವಿಭಾಗದ ವಿಷಯ ಗೊತ್ತಿಲ್ಲದ್ದನ್ನು ಕಂಡಿದ್ದೇನೆ. ನಿಮ್ಮ ಕಾಗದ ಹೋಗಬೇಕಾದ ಮೊದಲ ಮನೆ ಅದೇ.

ಇದಕ್ಕೆಲ್ಲ ನಮಗೆ ಅಧಿಕಾರ ಇದೆಯೇ?

ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆಗೆದು ಓದಿ. ಚಟುವಟಿಕೆ, ಅನ್ವೇಷಣೆ, ಶೋಧನೆಯ ಮೂಲಕ ಕಲಿಕೆ, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಬೋಧನೆ, ಭಯವಿಲ್ಲದ ವಾತಾವರಣ, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 24ನೇ ಸೆಕ್ಷನ್ ನಿಗದಿತ ಸಮಯದಲ್ಲಿ ಪಠ್ಯಕ್ರಮ ಮುಗಿಸುವುದನ್ನು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು ಅಗತ್ಯವಿದ್ದವರಿಗೆ ಹೆಚ್ಚುವರಿ ಬೋಧನೆ ಕೊಡುವುದೂ ಅದೇ ಸೆಕ್ಷನ್‌ನಲ್ಲಿರುವ ಕರ್ತವ್ಯ. ಮೊದಲನೆಯದನ್ನು ಎಲ್ಲರೂ ನೆನಪಿಸುತ್ತಾರೆ, ಎರಡನೆಯದನ್ನು ನೀವೇ ನೆನಪಿಸಬೇಕು.

ಶಿಕ್ಷಕರೇ ಪಠ್ಯಕ್ರಮ ಕಟ್ಟಿದ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಈಗ ಒಂದರಿಂದ ಮೂರನೇ ತರಗತಿಯವರೆಗೆ ನಡೆಸುವ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಕಾಡಂಚಿನ ಒಂದು ತಾಲ್ಲೂಕಿನ ಶಿಕ್ಷಕರಿಗೆ ಆದದ್ದು ಚಳ್ಳಕೆರೆಯ, ಜಗಳೂರಿನ ಶಿಕ್ಷಕರಿಗೆ ಏಕಾಗಬಾರದು?

ಏನೇನು ಬೇಕು

ಒಂದು ದಪ್ಪ ನೋಟ್‌ಬುಕ್. ನಿಮ್ಮ ತರಗತಿಯ ಪಠ್ಯಪುಸ್ತಕ, ವಾರ್ಷಿಕ ಪಾಠ ಹಂಚಿಕೆ, ನಿಮ್ಮ ವಿಷಯದ ಕಲಿಕಾ ಫಲಗಳ ಪಟ್ಟಿ. ಜೊತೆಗೆ ಇದೇ ತರಗತಿಗೆ ಪಾಠ ಮಾಡುವ ಇನ್ನೊಬ್ಬ ಶಿಕ್ಷಕರು, ಪಕ್ಕದ ಊರಿನವರಾದರೂ ಸರಿ. ಮುಖ್ಯ ಶಿಕ್ಷಕರಿಗೂ ಸಿಆರ್‌ಪಿಗೂ ಮೊದಲೇ ಒಂದು ಮಾತು ಹೇಳಿಡಿ. ಸಿಆರ್‌ಪಿ ಎಂದರೆ ಸಮೂಹ ಸಂಪನ್ಮೂಲ ವ್ಯಕ್ತಿ, ಹತ್ತಿಪ್ಪತ್ತು ಶಾಲೆಗಳಿಗೆ ಒಬ್ಬರಂತೆ ಇರುವ ನಮ್ಮವರೇ ಆದ ಶಿಕ್ಷಕರು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಯಾವುದೂ ಬೇಡ.

ಹಂತ 1: ಒಂದೇ ಒಂದು ಪಾಠ ಆರಿಸಿ

ಉತ್ಸಾಹದಲ್ಲಿ ಇಡೀ ಪುಸ್ತಕ ಬದಲಿಸಲು ಹೊರಡುವುದು ಮೊದಲ ತಪ್ಪು. ಜೂನ್ ಎರಡನೇ ವಾರದೊಳಗೆ ಒಂದು ಪಾಠವನ್ನು ಗುರುತು ಮಾಡಿ. ಹೋದ ವರ್ಷ ಮಕ್ಕಳು ಹೆಚ್ಚು ತಡವರಿಸಿದ, ನಿಮ್ಮೂರಿನ ಬದುಕಿಗೂ ಸೇರುವ ಪಾಠವಾದರೆ ಒಳ್ಳೆಯದು.

ಪಾಠ ಬರುವ ತಿಂಗಳನ್ನೂ ನೋಡಿಕೊಳ್ಳಿ. ಚಳ್ಳಕೆರೆ ಕಡೆ ಶೇಂಗಾ ಕೀಳುವ ಕಾಲದಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ. ಕುರಿ ಮಂದೆಯೊಂದಿಗೆ ವಲಸೆ ಹೋಗುವ ಮನೆಗಳ ಮಕ್ಕಳು ವಾರಗಟ್ಟಲೆ ಇರುವುದಿಲ್ಲ. ದಾವಣಗೆರೆ, ಹರಿಹರದ ಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ನಾಟಿ, ಕೊಯ್ಲಿನ ದಿನಗಳು ಬೇರೆ. ಊರಿನ ಕ್ಯಾಲೆಂಡರ್ ನೋಡಿ ಪಾಠಗಳನ್ನು ಹಿಂದುಮುಂದು ಮಾಡಿಕೊಳ್ಳುವುದೇ ಪಠ್ಯಕ್ರಮದಲ್ಲಿ ನೀವು ಮಾಡಬಹುದಾದ ಅತ್ಯಂತ ಸರಳ ಕೆಲಸ. ಬದಲಿಸಿದ ಹಂಚಿಕೆಗೆ ಮುಖ್ಯ ಶಿಕ್ಷಕರ ಸಹಿ ಇರಲಿ.

ಹಂತ 2: ಕಲಿಕಾ ಫಲವನ್ನು ಗಟ್ಟಿಯಾಗಿ ಹಿಡಿಯಿರಿ

ಕಲಿಕಾ ಫಲ ಎಂದರೆ ಪಾಠದ ಕೊನೆಗೆ ಮಗು ಏನು ಮಾಡಬಲ್ಲದು ಎಂಬ ಹೇಳಿಕೆ. "ನೀರಿನ ಮಹತ್ವ ತಿಳಿಯುತ್ತದೆ" ಎಂಬುದನ್ನು ಅಳೆಯಲು ಬರುವುದಿಲ್ಲ. "ತನ್ನ ಊರಿನ ನೀರಿನ ಮೂಲಗಳನ್ನು ಪಟ್ಟಿ ಮಾಡಿ, ಅವು ಕಾಲಕ್ರಮದಲ್ಲಿ ಬದಲಾದದ್ದನ್ನು ಕಾರಣದೊಂದಿಗೆ ವಿವರಿಸುತ್ತದೆ" ಎಂದರೆ ಅಳೆಯಬಹುದು.

ಇಲಾಖೆಯ ಪಟ್ಟಿಯಲ್ಲಿ ನಿಮ್ಮ ಪಾಠಕ್ಕೆ ಹೊಂದುವ ಎರಡು ಅಥವಾ ಮೂರು ಫಲಗಳನ್ನು ಅಲ್ಲಿರುವ ಹಾಗೆಯೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಮುಂದೆ ನೀವು ಮಾಡುವ ಪ್ರತಿ ಚಟುವಟಿಕೆಯೂ ಇವುಗಳಲ್ಲಿ ಒಂದಕ್ಕೆ ಅಂಟಿರಬೇಕು. ತಪಾಸಣೆಗೆ ಬಂದವರು "ಪುಸ್ತಕ ಬಿಟ್ಟು ಏನು ಮಾಡ್ತಿದೀರಿ?" ಎಂದರೆ ಆ ಪುಟ ತೋರಿಸಿ. ಫಲ ಅದೇ, ದಾರಿ ಮಾತ್ರ ನಮ್ಮೂರಿನದು ಎಂದು ಹೇಳಲು ನಿಮಗೆ ಧೈರ್ಯ ಬರುತ್ತದೆ.

ಹಂತ 3: ಊರಿನ ತಿಳಿವಳಿಕೆ ಕಲೆಹಾಕಿ

ಅಂತರ್ಜಾಲದಿಂದ ನಕಲು ಮಾಡಿದ ಎರಡು ಪುಟ ಸ್ಥಳೀಯ ಮಾಹಿತಿ ಆಗುವುದಿಲ್ಲ. ಊರಿಗೆ ಹೋಗಿ ಕೇಳಬೇಕು. ಬೋರ್ ಕೊರೆಸಿದ ರೈತರು, ನೀರು ಬಿಡುವ ವಾಟರ್‌ಮ್ಯಾನ್, ಆಶಾ ಕಾರ್ಯಕರ್ತೆ, ಕೆರೆ ತುಂಬಿದ್ದನ್ನು ಕಂಡ ಅಜ್ಜಿ, ಎಲ್ಲರೂ ನಿಮ್ಮ ಸಂಪನ್ಮೂಲ ವ್ಯಕ್ತಿಗಳೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಇಡಿ, ಎರಡು ಹೆಸರು ತಾವಾಗಿ ಸಿಗುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ.

ಮೊದಲನೆಯದು, ಹೆಮ್ಮೆಗೂ ಇತಿಹಾಸಕ್ಕೂ ನಡುವಿನ ಗೆರೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹೆಮ್ಮೆಪಡಲು ಬೇಕಾದಷ್ಟಿದೆ, ಆದ್ದರಿಂದಲೇ ಜಾರುವುದೂ ಸುಲಭ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅವು ಕನ್ನಡ ಶಾಸನಗಳೆಂದು ಮಕ್ಕಳಿಗೆ ಹೇಳಿಕೊಟ್ಟವರನ್ನು ನಾನು ಬಲ್ಲೆ. ಹಾಗೆ ಮಾಡಬೇಡಿ. ನಿಜವೇ ಸಾಕಷ್ಟು ಸೊಗಸಾಗಿದೆ: ಶಾಸನದಲ್ಲಿ ಇಸಿಲ ಎಂಬ ಪಟ್ಟಣದ ಹೆಸರಿದೆ, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬ ಮಾತಿದೆ, ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಆತ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. "ಆ ಲಿಪಿ ಬಲ್ಲವನು ಇಲ್ಲಿಗೆ ಹೇಗೆ ಬಂದ?" ಎಂದು ಏಳನೇ ತರಗತಿಯವರನ್ನು ಕೇಳಿ ನೋಡಿ, ಒಂದು ಪೀರಿಯಡ್ ಸಾಲದು. ಕೋಟೆಯ ಓಬವ್ವನ ಕಿಂಡಿಯ ಪಾಠಕ್ಕೂ ಇದೇ ಕ್ರಮ. ಜನ ಹೇಳುತ್ತ ಬಂದದ್ದು ಯಾವುದು, ಬರವಣಿಗೆಯ ದಾಖಲೆ ಇರುವುದು ಯಾವುದು ಎಂದು ಎರಡು ಕಾಲಮ್ಮಿನಲ್ಲಿ ಮಕ್ಕಳಿಂದಲೇ ಬರೆಸಿ. ಇದರಿಂದ ಓಬವ್ವನ ಗೌರವ ಕಡಿಮೆಯಾಗುವುದಿಲ್ಲ, ಮಕ್ಕಳಿಗೆ ಆಧಾರ ಎಂದರೇನೆಂದು ಗೊತ್ತಾಗುತ್ತದೆ.

ಎರಡನೆಯದು, ಜಾತಿ. ಹಟ್ಟಿ, ತಾಂಡಾ, ಕೇರಿಗಳಿಂದ ಮಾಹಿತಿ ತರುವಾಗ ಒಂದು ಸಮುದಾಯದ ಮಕ್ಕಳು ತರಗತಿಯಲ್ಲಿ ಪ್ರದರ್ಶನದ ವಸ್ತುವಾಗಿಬಿಡುವ ಅಪಾಯವಿದೆ. "ನಿಮ್ಮೋರಲ್ಲಿ ಹಿಂಗಂತೆ, ಹೌದಾ?" ಎಂಬ ಒಂದು ಪ್ರಶ್ನೆ ಸಾಕು, ಆ ಮಗು ಮರುದಿನ ಶಾಲೆಗೆ ಬರುವುದಿಲ್ಲ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಪದ ಹಾಡುವ ಹಿರಿಯರನ್ನು ಕರೆಸುವುದಾದರೆ ಅವರನ್ನು ಆ ಹಾಡು ಬಲ್ಲ ವಿದ್ವಾಂಸರೆಂದು ಕರೆಸಿ, ಕುರ್ಚಿ ಹಾಕಿ ಕೂರಿಸಿ.

ಮೂರನೆಯದು, ಭಾಷೆ. ಮೊಳಕಾಲ್ಮೂರಿನ ಗಡಿಯಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಕೆಲವು ಕೇರಿಗಳಲ್ಲಿ ಉರ್ದು. ಪಾಠದ ಹತ್ತು ಮುಖ್ಯ ಪದಗಳಿಗೆ ಮಕ್ಕಳ ಮನೆಯ ಪದಗಳನ್ನು ಕೇಳಿ ಗೋಡೆಯ ಮೇಲೆ ಬರೆಸಿ. ಪುಸ್ತಕದಲ್ಲಿ ನೆಲಗಡಲೆ ಎಂದಿದ್ದರೆ ನಮ್ಮ ಮಗುವಿಗೆ ಅದು ಶೇಂಗಾ. ಒಂದೇ ಎಂದು ಹೇಳದಿದ್ದರೆ ಅದು ಯಾವುದೋ ಬೇರೆ ಕಾಳೆಂದು ಮಗು ತಿಳಿಯುತ್ತದೆ. ಇಂಥ ಸಣ್ಣ ತೊಡಕು ಪುಸ್ತಕ ಬರೆದವರಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಹಂತ 4: ಘಟಕ ಬರೆಯಿರಿ

ಘಟಕ ಎಂದರೆ ಒಂದು ವಿಷಯಕ್ಕೆ ಸೇರಿದ ನಾಲ್ಕರಿಂದ ಎಂಟು ಪೀರಿಯಡ್‌ಗಳ ಯೋಜನೆ. ಬರಿಯ ಸಲಹೆ ಕೊಟ್ಟರೆ ಕೈಗೆ ಸಿಗುವುದಿಲ್ಲ, ಹಾಗಾಗಿ ನೀರಿನ ಪಾಠವನ್ನು ನಮ್ಮ ಜಿಲ್ಲೆಗೆ ಹೇಗೆ ಕಟ್ಟಬಹುದೆಂದು ಬಿಡಿಸಿ ಹೇಳುತ್ತೇನೆ. ಐದರಿಂದ ಏಳನೇ ತರಗತಿಯವರೆಗೆ ಹೊಂದಿಸಿಕೊಳ್ಳಬಹುದು.

ಮೊದಲ ಪೀರಿಯಡ್‌ನಲ್ಲಿ ಮಕ್ಕಳು ತಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಪಟ್ಟಿ ಮಾಡಲಿ: ನಲ್ಲಿ, ಸಿಸ್ಟನ್, ಬೋರ್, ಟ್ಯಾಂಕರ್, ಶುದ್ಧ ನೀರಿನ ಘಟಕ. ಕುಡಿಯಲು ಯಾವುದು, ದನಕ್ಕೆ ಯಾವುದು, ಬಟ್ಟೆಗೆ ಯಾವುದು, ತರುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಬಹುತೇಕ ಅಮ್ಮ ಅಥವಾ ಅಕ್ಕ. ಪುಸ್ತಕದಲ್ಲಿಲ್ಲದ ಪಾಠ ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಎರಡನೆಯ ಪೀರಿಯಡ್‌ಗೆ ಮನೆಗೆಲಸ ಕೊಡಿ. ಹಿರಿಯರನ್ನು ಕೇಳಿ ಮೂರು ಅಂಕಿ ತರಬೇಕು: ಅಜ್ಜನ ಕಾಲದ ಸೇದುವ ಬಾವಿ ಎಷ್ಟು ಅಡಿ, ಮೊದಲ ಬೋರ್ ಎಷ್ಟು ಅಡಿ, ಈಚೆಗೆ ಕೊರೆಸಿದ್ದು ಎಷ್ಟು ಅಡಿ. ಮೂರನೆಯ ಪೀರಿಯಡ್‌ನಲ್ಲಿ ಇದೇ ಅಂಕಿಗಳಿಂದ ಸ್ತಂಭಾಲೇಖ. ಸಾಮಾನ್ಯವಾಗಿ ಮೇಲಕ್ಕೆ ಏರುವ ಸ್ತಂಭಗಳನ್ನು ಇಲ್ಲಿ ನೆಲದ ಗೆರೆಯಿಂದ ಕೆಳಕ್ಕೆ ಬರೆಸಿ. ಊರಿನ ನೀರು ಎಷ್ಟು ಆಳಕ್ಕೆ ಇಳಿದಿದೆಯೆಂದು ಮಕ್ಕಳು ಕಣ್ಣಾರೆ ನೋಡುತ್ತಾರೆ. ಗಣಿತದ ಶಿಕ್ಷಕರನ್ನು ಸೇರಿಸಿಕೊಂಡರೆ ಅವರ ಒಂದು ಪೀರಿಯಡ್ ಕೆಲಸವೂ ಮುಗಿಯುತ್ತದೆ.

ನಾಲ್ಕನೆಯದು ಅಳತೆ. ಬೋರ್ ಕೊರೆಸಿದಾಗ ನಮ್ಮ ರೈತರು "ಎರಡಿಂಚು ನೀರು ಬಿತ್ತು" ಎನ್ನುತ್ತಾರೆ. ಪುಸ್ತಕದಲ್ಲಿರುವುದು ಲೀಟರ್. ಒಂದು ಬಕೆಟ್, ಒಂದು ಗಡಿಯಾರ ಸಾಕು. 15 ಲೀಟರ್ ಬಕೆಟ್ 10 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 90 ಲೀಟರ್. ಇದನ್ನು ಶಾಲೆಯ ನಲ್ಲಿಯಲ್ಲೇ ಮಾಡಿಸಿ. ಮಕ್ಕಳನ್ನು ಬೋರ್ ಹತ್ತಿರ ಕರೆದೊಯ್ಯಬೇಡಿ. ಮುಚ್ಚದೆ ಬಿಟ್ಟ ವಿಫಲ ಕೊಳವೆಬಾವಿ ಎಲ್ಲಿದ್ದರೂ ಮಕ್ಕಳ ಜೀವಕ್ಕೆ ಅಪಾಯ. ಅಂಥದ್ದು ಊರಲ್ಲಿದ್ದರೆ ಪಂಚಾಯಿತಿಗೆ ಮಕ್ಕಳಿಂದಲೇ ಪತ್ರ ಬರೆಸಿ. ಕನ್ನಡದಲ್ಲಿ ಪತ್ರಲೇಖನಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ.

ಐದನೆಯ ಪೀರಿಯಡ್ ಬಗ್ಗೆ ಹೆಚ್ಚು ಜಾಗರೂಕರಾಗಿರಿ. ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಗಳಲ್ಲಿರುವ ಖನಿಜ ಕರಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಹಳದಿ ಅಥವಾ ಕಂದು ಕಲೆ ಬರುತ್ತದೆ. ನೀರು ಕಾಯಿಸಿದರೆ ಹೋಗುತ್ತದೆ ಎಂಬುದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹಾಗೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಇದು ಗೊತ್ತಾದ ಮಗು ಮನೆಗೆ ಹೋಗಿ ಹೇಳುತ್ತದೆ, ಮನೆಯವರು ಶುದ್ಧ ನೀರಿನ ಘಟಕದ ಕಡೆ ಕ್ಯಾನ್ ಹಿಡಿದು ಹೋಗುತ್ತಾರೆ. ಪಾಠ ಮನೆ ಮುಟ್ಟಿತು ಎನ್ನುವುದು ಆಗಲೇ. ಜಲ ಜೀವನ್ ಮಿಷನ್ ಅಡಿ ಕೊಟ್ಟ ನೀರು ಪರೀಕ್ಷೆಯ ಕಿಟ್ ಪಂಚಾಯಿತಿಯಲ್ಲಿದೆಯೇ ಎಂದು ವಿಚಾರಿಸಿ, ಇದ್ದರೆ ತರಬೇತಿ ಪಡೆದವರನ್ನೇ ಕರೆಸಿ ತೋರಿಸಿ.

ಎಚ್ಚರಿಕೆ ಇಲ್ಲಿದೆ: ಯಾವ ಮಗುವಿನ ಹಲ್ಲನ್ನೂ ಉದಾಹರಣೆಯಾಗಿ ತೋರಿಸಬೇಡಿ. "ಬಾಯಿ ತೆಗಿ ನೋಡಣ" ಎನ್ನಬೇಡಿ. ಕಲೆ ಬಂದದ್ದು ಹಲ್ಲುಜ್ಜದ್ದರಿಂದ ಅಲ್ಲ, ಮಗುವಿನ ತಪ್ಪಿನಿಂದ ಅಲ್ಲ ಎಂದು ಪಾಠದ ಆರಂಭದಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರಿಗೆ ಈ ಒಂದು ಮಾತು ಬೇಕಾಗಿದೆ.

ಆರನೆಯದಕ್ಕೆ ವಾಣಿವಿಲಾಸ ಸಾಗರ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ಈ ಅಣೆಕಟ್ಟು, ಜನರ ಬಾಯಲ್ಲಿ ಮಾರಿಕಣಿವೆ, ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಷ್ಟು ವರ್ಷದ ಅಂತರ? ನಡುವೆ ಹುಟ್ಟಿ, ಬಾಳಿ, ಕೋಡಿ ನೋಡದೇ ಹೋದವರು ನಿಮ್ಮ ಮನೆಯಲ್ಲಿ ಯಾರು? ಪೂರ್ಣಮಟ್ಟ 130 ಅಡಿ, ಮೀಟರಿನಲ್ಲಿ ಎಷ್ಟು? ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ದಿನವೂ ಗೋಡೆಯ ಚಾರ್ಟಿಗೆ ಏರಿಸುವ ಕೆಲಸವನ್ನು ಸರದಿಯಂತೆ ಮಕ್ಕಳಿಗೇ ಬಿಡಿ.

ಏಳನೆಯದು ಪುಸ್ತಕದ ಪಾಠ. ಇಷ್ಟಾದ ಮೇಲೆ ಪುಸ್ತಕ ತೆರೆದರೆ ಅರ್ಧ ವಿಷಯ ಮಕ್ಕಳೇ ಹೇಳುತ್ತಾರೆ, ಎರಡು ಪೀರಿಯಡ್ ಹಿಡಿಯುತ್ತಿದ್ದದ್ದು ಒಂದರಲ್ಲಿ ಮುಗಿಯುತ್ತದೆ. ಎಂಟನೆಯದು ಮೌಲ್ಯಮಾಪನ.

ದಾವಣಗೆರೆ ಜಿಲ್ಲೆಯವರು ಇದೇ ಎಲುಬುಗೂಡಿಗೆ ಬೇರೆ ಮಾಂಸ ತುಂಬಬೇಕು. ಚನ್ನಗಿರಿಯವರಿಗೆ ಸೂಳೆಕೆರೆ ಇದೆ. ಹರಿಹರದವರಿಗೆ ತುಂಗಭದ್ರೆ, ನದಿ ಮಲಿನವಾಗುವ ಪ್ರಶ್ನೆ. ಭದ್ರಾ ಕಾಲುವೆಯ ಕೊನೆ ಭಾಗದ ಊರುಗಳಿಗೆ "ಮೇಲಿನವರು ಬಿಟ್ಟರೆ ನಮಗೆ" ಎಂಬ ಹಂಚಿಕೆಯ ಪ್ರಶ್ನೆ. ಜಗಳೂರಿನವರು ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದಿಂದ ಶುರು ಮಾಡಬಹುದು, ನಾಲ್ಕು ಕೊಂಬಿನ ಆ ಪ್ರಾಣಿಗೆ ಬೇಸಿಗೆಯಲ್ಲಿ ನೀರೆಲ್ಲಿ ಎಂದು. ನನ್ನ ಘಟಕವನ್ನು ಹಾಗೇ ಎತ್ತಿಕೊಂಡರೆ ನಿಮ್ಮ ಮಕ್ಕಳಿಗೆ ಅದೂ ದೂರದ ಊರಿನ ಪಾಠವೇ ಆಗುತ್ತದೆ.

ಹಂತ 5: ಪರೀಕ್ಷೆಯನ್ನೂ ಬದಲಿಸಿ

ಇಲ್ಲಿ ಎಡವುವವರೇ ಹೆಚ್ಚು. ಎಂಟು ಪೀರಿಯಡ್ ಅಳೆಸಿ, ಕೇಳಿಸಿ, ಬರೆಸಿ, ಕೊನೆಗೆ "ನೀರಿನ ಮೂಲಗಳು ಯಾವುವು? ಬಿಟ್ಟ ಸ್ಥಳ ತುಂಬಿರಿ" ಎಂದು ಕೇಳಿದರೆ ಮಕ್ಕಳಿಗೆ ಅರ್ಥವಾಗುವುದು ಒಂದೇ: ಅಂಕ ಬರುವುದು ಗೈಡಿನಿಂದ. ರೂಪಣಾತ್ಮಕ ಮೌಲ್ಯಮಾಪನ ಇರುವುದೇ ಇದಕ್ಕೆ. ಕಲಿಯುತ್ತಿರುವಾಗಲೇ ನೋಡಿ ತಿದ್ದುವ ಮೌಲ್ಯಮಾಪನ ಅದು, ವರ್ಷಕ್ಕೆ ನಾಲ್ಕು. ಅವುಗಳಲ್ಲಿ ಒಂದಕ್ಕೆ ಸ್ತಂಭಾಲೇಖ, ಹಿರಿಯರ ಸಂದರ್ಶನದ ಬರಹ, ಪಂಚಾಯಿತಿಗೆ ಬರೆದ ಪತ್ರ ಇವನ್ನೇ ಬಳಸಿ. ಯಾವುದಕ್ಕೆ ಎಷ್ಟು ಅಂಕ, ಏಕೆ ಎಂದು ಮೊದಲೇ ಬರೆದು ಮಕ್ಕಳಿಗೆ ತಿಳಿಸಿ. ಬರೆಯಲು ಕಷ್ಟಪಡುವ ಮಗು ಬಾಯಲ್ಲಿ ಹೇಳಿದ್ದನ್ನೂ ದಾಖಲಿಸಿ ಅಂಕ ಕೊಡಿ.

ಹಂತ 6: ಅದೇ ದಿನ ಬರೆದಿಡಿ

ಪ್ರತಿ ಪೀರಿಯಡ್ ಆದಮೇಲೆ ಐದು ಸಾಲು. ಏನು ಮಾಡಿದೆ, ಎಷ್ಟು ಮಕ್ಕಳಿದ್ದರು, ಎಲ್ಲಿ ಸಿಕ್ಕಿಕೊಂಡರು, ಯಾವ ಮಗು ಏನು ಕೇಳಿತು, ನಾಳೆ ಏನು ಬದಲಿಸಬೇಕು. ವಾರಾಂತ್ಯಕ್ಕೆ ಬರೆಯುತ್ತೇನೆಂದರೆ ಮರೆತುಹೋಗುತ್ತದೆ. ಮಕ್ಕಳ ಮಾತನ್ನು ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ. "ಕೆರೆ ಐತಿ, ನೀರಿಲ್ಲ. ಅದನ್ನೂ ನೀರಿನ ಮೂಲ ಅಂತ ಬರೀಲಾ?" ಎಂಬ ಪ್ರಶ್ನೆ ಪಠ್ಯಪುಸ್ತಕ ರಚಿಸುವವರಿಗೆ ನಿಮ್ಮ ಹತ್ತು ಪುಟದ ವರದಿಗಿಂತ ಹೆಚ್ಚು ತಿಳಿಸುತ್ತದೆ.

ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದು ದಾಖಲೆಯಲ್ಲ. ಮಕ್ಕಳು ಬರೆದ ಹಾಳೆಗಳನ್ನು ಕಾಯ್ದಿಡಿ, ಹೊರಗೆ ಕಳಿಸುವಾಗ ಹೆಸರು ಮುಚ್ಚಿ.

ಹಂತ 7: ಇನ್ನೊಬ್ಬರ ತರಗತಿಯಲ್ಲಿ ನಡೆಯುತ್ತದೆಯೇ ನೋಡಿ

ನಿಮ್ಮ ಘಟಕ ನಿಮ್ಮಲ್ಲಿ ನಡೆದದ್ದು ನಿಮ್ಮಿಂದಲೋ ಘಟಕದಿಂದಲೋ? ಇನ್ನೊಬ್ಬರು ಮಾಡಿದಾಗಲೇ ಗೊತ್ತಾಗುವುದು. ಸಮಾಲೋಚನಾ ಸಭೆಯಲ್ಲಿ ಹದಿನೈದು ನಿಮಿಷ ಕೇಳಿಕೊಂಡು ಮಂಡಿಸಿ, ಇಬ್ಬರಿಗಾದರೂ ಪ್ರತಿ ಕೊಟ್ಟು ಮಾಡಿನೋಡಲು ಹೇಳಿ. ಅವರು "ಆಗಲಿಲ್ಲ" ಎಂದರೆ ಬೇಸರಿಸಬೇಡಿ, ಎಲ್ಲಿ ಆಗಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಏಕೋಪಾಧ್ಯಾಯ ಶಾಲೆಯವರು ಐದು ತರಗತಿ ಒಟ್ಟಿಗೆ ಕೂರಿಸಿಕೊಂಡು ಮಾಡಿದರೆ ಏನಾಗುತ್ತದೆ ಎಂಬುದನ್ನು ವಿಶೇಷವಾಗಿ ಕೇಳಿ. ಅಲ್ಲಿ ನಿಂತ ಘಟಕ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಹಂತ 8: ಮೇಲಕ್ಕೆ ಕಳಿಸಿ

ಮೊದಲ ಸಲ ನಾನೇ ತಪ್ಪು ಮಾಡಿದ್ದೆ. "ಈ ಪಾಠ ಮಕ್ಕಳಿಗೆ ಕಠಿಣವಾಗಿದೆ, ದಯವಿಟ್ಟು ಬದಲಾಯಿಸಿ" ಎಂದು ಒಂದು ಸಾಲಿನ ಪತ್ರ ಬರೆದು ಒಂದು ಕಚೇರಿಗೆ ಕೊಟ್ಟೆ. ಉತ್ತರ ಬರಲಿಲ್ಲ. ಈಗ ಯೋಚಿಸಿದರೆ, ಆ ಪತ್ರ ಓದಿದವರು ಏನು ತಾನೆ ಮಾಡಬಹುದಿತ್ತು? ಯಾವ ಪುಟ, ಯಾವ ವಾಕ್ಯ, ಎಷ್ಟು ಮಕ್ಕಳಿಗೆ, ಯಾವ ರೀತಿಯ ಕಷ್ಟ, ಯಾವುದೂ ಅದರಲ್ಲಿ ಇರಲಿಲ್ಲ.

ಹಿಮ್ಮಾಹಿತಿ ಹೀಗಿರಲಿ. ಮೊದಲು ತರಗತಿ, ವಿಷಯ, ಮಾಧ್ಯಮ, ಪುಸ್ತಕದ ಮುದ್ರಣ ವರ್ಷ. ಆಮೇಲೆ ಪಾಠದ ಹೆಸರು, ಪುಟ, ಸಾಲು. ಅಲ್ಲಿರುವ ವಾಕ್ಯವನ್ನು ಹಾಗೇ ಬರೆಯಿರಿ. ನಂತರ ತರಗತಿಯಲ್ಲಿ ಆದದ್ದು, ಅಂಕಿಯೊಂದಿಗೆ. ಮಾದರಿಗೆ: "32 ಮಕ್ಕಳಲ್ಲಿ 19 ಮಂದಿ ಚಿತ್ರವನ್ನು ಕೆರೆ ಎಂದು ಗುರುತಿಸಿದರು, ಅದು ಜಲಾಶಯದ ಚಿತ್ರ." ಕೊನೆಗೆ ನಿಮ್ಮ ಸೂಚನೆ, ಬದಲಿ ವಾಕ್ಯ ಅಥವಾ ಚಟುವಟಿಕೆಯ ರೂಪದಲ್ಲಿ. ಒಂದು ಹಾಳೆಗೆ ಒಂದೇ ವಿಷಯ. ಅಚ್ಚಿನ ತಪ್ಪು, ಮಾಹಿತಿಯ ತಪ್ಪು, ಮಟ್ಟದ ಸಮಸ್ಯೆ, ಈ ಮೂರನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಅಚ್ಚಿನ ತಪ್ಪನ್ನು ಮರುಮುದ್ರಣದಲ್ಲೇ ತಿದ್ದಬಹುದು, ಮಟ್ಟದ ಸಮಸ್ಯೆಗೆ ಪರಿಷ್ಕರಣೆಯೇ ಆಗಬೇಕು.

ದಾರಿ: ಮುಖ್ಯ ಶಿಕ್ಷಕರ ಮುಖಾಂತರ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಲ್ಲಿಂದ ಡಯಟ್‌ಗೆ. ಪಠ್ಯಪುಸ್ತಕ ಸಂಘಕ್ಕೂ ಡಿಎಸ್‌ಇಆರ್‌ಟಿಗೂ ಒಂದೊಂದು ಪ್ರತಿ. ಸ್ವೀಕೃತಿ ಪಡೆದು ಕಡತದಲ್ಲಿಡಿ. ಒಬ್ಬರ ಸಹಿಗಿಂತ ಒಂದೇ ಪಾಠದ ಬಗ್ಗೆ ಐದು ಶಾಲೆಗಳ ಅಂಕಿ ಸೇರಿಸಿದ ಒಂದು ಹಾಳೆಗೆ ತೂಕ ಹೆಚ್ಚು.

ರಾಜಕೀಯದ ಮಾತು ಇದರೊಳಗೆ ತರಬೇಡಿ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಬಗ್ಗೆ ರಾಜ್ಯದ ತುಂಬ ಜಗಳವಾಯಿತು. ಯಾರ ಪಾಠ ಸೇರಿತು, ಯಾರದ್ದು ಹೋಯಿತು ಎಂಬ ಚರ್ಚೆ ಬೇಕಾದದ್ದೇ. ಆದರೆ ಪಾಠ ಹತ್ತು ವರ್ಷದ ಮಗುವಿಗೆ ಅರ್ಥವಾಯಿತೇ ಎಂದು ಅಧಿಕಾರದಿಂದ ಹೇಳಬಲ್ಲವರು ನಾವು ಮಾತ್ರ, ಆ ದನಿ ಅಲ್ಲಿ ಕೇಳಲಿಲ್ಲ. ನಿಮ್ಮ ಹಾಳೆಯಲ್ಲಿ ಆ ದನಿ ಇರಲಿ.

ಹಂತ 9: ಕಾರ್ಯಾಗಾರಕ್ಕೆ ಕರೆ ಬಂದರೆ

ಡಯಟ್ ಅಥವಾ ಡಿಎಸ್‌ಇಆರ್‌ಟಿ ಸಾಮಗ್ರಿ ತಯಾರಿಸುವಾಗ ತರಗತಿಯಲ್ಲಿರುವ ಶಿಕ್ಷಕರನ್ನೂ ಸೇರಿಸಿಕೊಳ್ಳುತ್ತದೆ. ಕರೆ ಬಂದರೆ ಬರಿಗೈಯಲ್ಲಿ ಹೋಗಬೇಡಿ. ನೋಟ್‌ಬುಕ್, ಮಕ್ಕಳ ಹಾಳೆ, ಘಟಕದ ಪ್ರತಿ ಜೊತೆಯಲ್ಲಿರಲಿ. ವಿಷಯ ತಜ್ಞರ ಎದುರು ನಮ್ಮವರು ಸುಮ್ಮನೆ ಕೂತು ಬರುವುದನ್ನು ನೋಡಿ ಸಂಕಟವಾಗುತ್ತದೆ. ಅವರಿಗೆ ವಿಷಯ ಗೊತ್ತು, ನಿಮಗೆ ಮಗು ಗೊತ್ತು. "ಸರ್, ಈ ವಾಕ್ಯದಲ್ಲಿ ಹದಿನೆಂಟು ಪದ ಇದೆ, ನಮ್ಮ ನಾಲ್ಕನೇ ತರಗತಿಯ ಮಗು ಒಂಬತ್ತನೆಯ ಪದಕ್ಕೆ ನಿಲ್ಲುತ್ತೆ" ಎಂದು ನೀವು ಹೇಳದಿದ್ದರೆ ಆ ಕೋಣೆಯಲ್ಲಿ ಹೇಳುವವರು ಬೇರೆ ಯಾರೂ ಇಲ್ಲ.

ಮತ್ತೆ ಮತ್ತೆ ಬರುವ ಎರಡು ಪ್ರಶ್ನೆಗಳು

"ಟೈಮ್ ಎಲ್ಲಿದೆ?" ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಶಿಕ್ಷಕರ ವಾರದ 45 ಗಂಟೆಯಲ್ಲಿ ತಯಾರಿಯ ಸಮಯವೂ ಸೇರಿದೆ. ಇದರಲ್ಲಿ ಎಷ್ಟು ಗಂಟೆ ಬೇರೆ ಕೆಲಸಗಳಿಗೆ ಹೋಗುತ್ತದೆಂದು ನನಗೂ ಗೊತ್ತು. ಆದ್ದರಿಂದಲೇ ವರ್ಷಕ್ಕೆ ಒಂದೇ ಘಟಕ ಎಂದದ್ದು. ಬ್ಯಾಗ್ ಇಲ್ಲದ ಶನಿವಾರ ಇರುವ ಶಾಲೆಗಳಲ್ಲಿ ಸಂದರ್ಶನ, ಅಳತೆಯ ಕೆಲಸಗಳನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

"ನಾವು ಖಾಸಗಿ ಶಾಲೆಯವರು, ನಮಗೂ ಆಗುತ್ತದೆಯೇ?" ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಪುಸ್ತಕ ಅದೇ, ಹಿಮ್ಮಾಹಿತಿಯ ದಾರಿಯೂ ಅದೇ. ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸಿ ಶುರು ಮಾಡಿ.

ಕಾಲದ ಲೆಕ್ಕ ಹೀಗಿಟ್ಟುಕೊಳ್ಳಿ: ಜೂನ್‌ನಲ್ಲಿ ಪಾಠದ ಆಯ್ಕೆ, ಜುಲೈ ಆಗಸ್ಟ್‌ನಲ್ಲಿ ಮಾಹಿತಿ ಮತ್ತು ಬರವಣಿಗೆ, ದಸರಾ ರಜೆಗೆ ಮೊದಲು ಬೋಧನೆ, ನವೆಂಬರ್ ಡಿಸೆಂಬರ್‌ನಲ್ಲಿ ಗೆಳೆಯರ ತರಗತಿಗಳಲ್ಲಿ ಪ್ರಯೋಗ, ಜನವರಿ ಕೊನೆಯೊಳಗೆ ಹಿಮ್ಮಾಹಿತಿ. ಫೆಬ್ರುವರಿಯ ನಂತರ ಪರೀಕ್ಷೆಯ ಗಡಿಬಿಡಿಯಲ್ಲಿ ಯಾವ ಕಾಗದವೂ ಕದಲುವುದಿಲ್ಲ. ವರ್ಗಾವಣೆಯಾದರೆ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ಆ ಶಾಲೆಯಲ್ಲೇ ಬಿಟ್ಟುಬನ್ನಿ. ಮುಂದೆ ಬರುವ ಮೇಷ್ಟ್ರಿಗೋ ಟೀಚರಿಗೋ ಆ ಊರಿನ ಬಾವಿ ಎಷ್ಟು ಅಡಿ ಎಂಬುದರಿಂದ ಮತ್ತೆ ಶುರು ಮಾಡಬೇಕಾಗುವುದಿಲ್ಲ.